ವಿಮೆಯವರು ಮನೆಗೆ ಬಂದ ದಿನ

ಜೋಪಾನ ಎಂದು ಅವನಿಗೆ ಹೆಸರಿಟ್ಟವರು ಅಪ್ಪ ಅಮ್ಮ ಅಲ್ಲ. ಅವರು ಇಟ್ಟ ಹೆಸರು ಪಾಸ್‌ಪೋರ್ಟಿನೊಳಗೆ ಬೆಚ್ಚಗೆ ಮಲಗಿದೆ, ಅದನ್ನು ಎಬ್ಬಿಸುವ ಕೆಲಸ ನಮಗೆ ಬೇಡ. ಈ ಪರದೇಶಕ್ಕೆ ಬಂದು ಗಾಜಿನ ಸಾಮಾನಿನ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದವನು, ಯಾರು ಪೆಟ್ಟಿಗೆ ಎತ್ತಿದರೂ ಹಿಂದಿನಿಂದ "ಜೋಪಾನ, ಜೋಪಾನ" ಎಂದು ತನ್ನ ಭಾಷೆಯಲ್ಲೇ ಕೂಗುತ್ತಿದ್ದ. ಮಾತು ಅರ್ಥವಾಗದಿದ್ದರೂ ಆ ದನಿಗೆ ಹೆದರಿ ಯಾರೂ ಪೆಟ್ಟಿಗೆ ಬೀಳಿಸುತ್ತಿರಲಿಲ್ಲ. ಕೊನೆಗೆ ಗೋದಾಮಿನವರು ಅವನನ್ನು ಹಾಗೇ ಕರೆಯತೊಡಗಿದರು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜೊತೆಯಲ್ಲೇ ಇದ್ದ ಅತ್ತೆ ಮಾತ್ರ, ಬಂದ ಊರಲ್ಲಿ ಅಳಿಯಂದಿರು ಒಂದು ಹೆಸರು ಸಂಪಾದಿಸಿದರಲ್ಲ ಎಂದು ಮನಸಾರೆ ಸಂತೋಷಪಟ್ಟರು.

ಅವನ ಕೈಗುಣ ಅಂಥದ್ದು. ರಟ್ಟು, ಕಾಗದ, ಅಂಟುಪಟ್ಟಿ, ಇಷ್ಟು ಕೊಟ್ಟರೆ ಸಾಕು, ತೆಳ್ಳನೆಯ ಲೋಟವನ್ನೂ ಸಮುದ್ರ ದಾಟಿಸುತ್ತಿದ್ದ. ಅವನು ಸುತ್ತಿದ ಸಾಮಾನು ಒಡೆದದ್ದುಂಟು ಎಂದು ಇವತ್ತಿನವರೆಗೂ ಒಬ್ಬರೂ ದೂರು ಕೊಟ್ಟಿಲ್ಲ. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಕೈಗುಣವೇ ಕಾರಣವಾಯಿತು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ವಿಮೆಗೂ ಅವನಿಗೂ ಪರಿಚಯವಾದದ್ದು ಬಾಡಿಗೆ ಮನೆಯ ದೆಸೆಯಿಂದ. ವಿಮೆ ಮಾಡಿಸದೆ ಬೀಗದ ಕೈ ಕೊಡುವುದಿಲ್ಲ ಎಂದು ಮನೆ ಮಾಲೀಕ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ಸರಿ, ಜೋಪಾನ ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ವಿಮೆ ಕಚೇರಿಗೆ ಹೋದ. ಹೆಣ್ಣು ನೋಡಲು ಹೋಗುವವರ ಹಾಗೆ ಮೂವರೂ ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದರು. ಅಲ್ಲಿದ್ದ ಮೇಡಂ ಕನ್ನಡಕದ ಮೇಲಿಂದ ನೋಡಿ, ಕೂರಲು ಹೇಳಿ, ಯಾವ ಯಾವ ಆಪತ್ತಿಗೆ ವಿಮೆ ಸಿಗುತ್ತದೆ ಎಂದು ಆ ದೇಶದ ಭಾಷೆಯಲ್ಲಿ ಓದತೊಡಗಿದರು. ಮನೆಗೆ ಬೆಂಕಿ ಬಿದ್ದರೆ ಎಂಬುದು ಮೊದಲನೆಯದು. ಜೋಪಾನ ಅದನ್ನು ಅತ್ತೆಗೆ ತಿಳಿಸಿ ಹೇಳಿದ. ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು.

"ಇನ್ನೂ ಒಳಗೆ ಕಾಲೇ ಇಟ್ಟಿಲ್ಲ, ಇದೇನು ಮಾತು. ಬಿಡ್ತು ಅನ್ನೋಕೆ ಹೇಳಿ ಅವರಿಗೆ."

ಜೋಪಾನ ಬೆವರಿದ. ಕೆಟ್ಟದ್ದು ಬಾಯಲ್ಲಿ ಬಂದರೆ ಆಡಿದವರೇ ಬಿಡ್ತು ಅನ್ನಬೇಕು, ಇಲ್ಲದಿದ್ದರೆ ಅದು ಅಲ್ಲೇ ನಿಂತುಬಿಡುತ್ತದೆ ಎಂದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ವಿಮೆ ಕಚೇರಿಯವರಿಗೆ ಹೇಗೆ ಗೊತ್ತಿರಬೇಕು? ಹೇಗೋ ತಡವರಿಸಿಕೊಂಡು ವಿವರಿಸಿದ. ಮೇಡಂ ಬಹಳ ಕಾಲದಿಂದ ಗಿರಾಕಿಗಳನ್ನು ಕಂಡವರು, ವಾದ ಮಾಡುವುದಕ್ಕಿಂತ ಒಂದು ಮಾತು ಅಂದುಬಿಡುವುದು ಸುಲಭ ಎಂದು ಬಲ್ಲವರು. ಬಿಡ್ತು ಅಂದರು. ನೀರು ನುಗ್ಗಿದರೆ ಅಂದರು, ಬಿಡ್ತು ಅಂದರು. ಕಳ್ಳತನಕ್ಕೆ ಬರುವ ಹೊತ್ತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭೂಕಂಪಕ್ಕಂತೂ ಮೊದಲೇ ಬಿಡ್ತು ಅಂದು, ಆಮೇಲೆ ಭೂಕಂಪ ಅಂದರು. ಅತ್ತೆಗೆ ಮೇಡಂ ಬಹಳ ಹಿಡಿಸಿದರು, ಒಳ್ಳೆ ಮನೆತನದ ಹೆಂಗಸು ಎಂದು ದಾರಿಯುದ್ದಕ್ಕೂ ಹೊಗಳಿದರು.

ನಾವು ಈಗ ಕೊಂಡದ್ದು ಏನನ್ನು ಎಂದು ಹೆಂಡತಿ ಕೇಳಿದಳು. ಏನಾದರೂ ಆದರೆ ಅವರು ನೋಡಿಕೊಳ್ಳುತ್ತಾರಂತೆ ಎಂದ ಜೋಪಾನ. ಏನಾದರೂ ಅಂದರೆ ಏನು ಎಂದು ಅವಳು ಕೇಳಿದ್ದಕ್ಕೆ ಅತ್ತೆ ನಡುವೆ ಬಾಯಿ ಹಾಕಿ ಬಿಡ್ತು ಅನ್ನು ಎಂದರು. ಆ ಸಂಸಾರದ ವಿಮೆಯ ತಿಳುವಳಿಕೆ ಅಲ್ಲಿಗೆ ಮುಗಿಯಿತು.

ಮನೆ ಸಣ್ಣದಾದರೂ ಹಿಂದೆ ಒಂದು ಕೋಣೆ ಇತ್ತು. ಹೆಂಡತಿ ಅಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡಳು. ಮೊದಲು ಅಕ್ಕಪಕ್ಕದವರ ಪ್ಯಾಂಟಿನ ಅಂಚು, ಆಮೇಲೆ ದಿಂಬಿನ ಚೀಲ, ಹಾಗೇ ಹೀಗೇ ಕೈ ಕುದುರಿ, ಎರಡು ಬೀದಿ ಆಚೆಗಿದ್ದ ನಾಟಕ ಮಂದಿರದ ಕಿವಿಗೆ ಅವಳ ಸುದ್ದಿ ಬಿತ್ತು. ಅಲ್ಲಿನ ಯಜಮಾನಿ ಬಂದು, ವೇದಿಕೆಗೆ ಹೊಸ ಪರದೆ ಬೇಕು, ಹೊಸ ನಾಟಕದ ದಿನ ಅದು ಎದ್ದು ನಿಂತಿರಬೇಕು, ಚೆನ್ನಾಗಿ ಬಂದರೆ ಪಕ್ಕದ ಶಾಲೆಯ ಸಭಾಂಗಣದ್ದೂ ನಿಮಗೇ, ತಡವಾದರೆ ಮಾತ್ರ ದೊಡ್ಡ ಅಂಗಡಿಗೆ ಕೊಟ್ಟುಬಿಡುತ್ತೇನೆ ಎಂದು ಹೇಳಿ ಹೋದಳು. ಪರದೆ ಎಂದರೆ ಕಿಟಕಿ ಪರದೆಯಲ್ಲ, ಎರಡಾಳು ಹೊರುವಂಥ ಮಖಮಲ್ಲು. ಬಟ್ಟೆ ಮಂದಿರದಲ್ಲೇ ಇತ್ತು. ಹೆಂಡತಿ ಅಲ್ಲಿ ಅಳತೆ ಮಾಡಿ ಕತ್ತರಿಸಿ, ಪಟ್ಟಿ ಪಟ್ಟಿಯಾಗಿ ಮನೆಗೆ ತಂದು ಹೊಲಿಯುವುದೆಂದು ಏರ್ಪಾಡಾಯಿತು. ಅವಳು ಆ ವಾರ ಅಡುಗೆಮನೆಯಲ್ಲೂ ಗುನುಗುತ್ತಿದ್ದಳು.

ಅಷ್ಟರಲ್ಲಿ ಮೇಲಿನ ಮನೆಯ ಹಲ್ಲಿನ ಡಾಕ್ಟರರ ಬಟ್ಟೆ ಒಗೆಯುವ ಯಂತ್ರದ ಕೊಳವೆ ಕಿತ್ತುಕೊಂಡಿತು. ಬೆಳಿಗ್ಗೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಹಿಂದಿನ ಕೋಣೆಯಲ್ಲಿ ಧೊಪ್ಪೆಂದು ಸದ್ದಾಯಿತು. ಹೋಗಿ ನೋಡಿದರೆ ಚಾವಣಿಯ ಗಾರೆ ಒಂದು ಬಾಗಿಲಿನಷ್ಟು ಅಗಲ ಕಳಚಿ, ನೆಟ್ಟಗೆ ಹೊಲಿಗೆ ಮಷಿನ್ ಮೇಲೆ ಬಿದ್ದಿತ್ತು. ಮೇಲಿಂದ ಸೋಪಿನ ನೀರು ಸುರಿಯುತ್ತಿತ್ತು. ಮಷಿನ್ನಿನ ಕತ್ತು ವಾಲಿತ್ತು, ಮೋಟರಿನ ಬಾಯಲ್ಲಿ ನೊರೆ. ಹೆಂಡತಿ ಬಾಗಿಲಲ್ಲೇ ನಿಂತಳು, ಅವಳ ಕೈಯ ಲೋಟ ಹಾಗೇ ಇತ್ತು. ಡಾಕ್ಟರರು ಓಡಿ ಬಂದು, ಕೈ ಮುಗಿಯದ ದೇಶದವರಾದರೂ ಕೈ ಮುಗಿಯುವಷ್ಟು ಕ್ಷಮೆ ಕೇಳಿ, ಕೊಳವೆ ಕಟ್ಟಿಸಿದರು. ಪೂರ್ತಿ ಕಟ್ಟಿತೇ ಎಂದು ಯಾರೂ ನೋಡಲಿಲ್ಲ.

ವಿಮೆ ಕಚೇರಿಗೆ ಫೋನ್ ಹೋಯಿತು. ಗುರುವಾರ ಸರ್ವೇಯರ್ ಮನೆಗೆ ಬರುತ್ತಾರೆ, ಹಾನಿ ನೋಡಿಕೊಂಡು ಹೋಗುತ್ತಾರೆ, ಆಮೇಲೆ ಹೊಸ ಮಷಿನ್ನಿನ ವ್ಯವಸ್ಥೆ ಎಂದು ಅಲ್ಲಿಂದ ಉತ್ತರ ಬಂತು. ಹೆಂಡತಿಗೆ ಹೋದ ಉಸಿರು ಬಂತು. ಅಲ್ಲಿಯವರೆಗೆ ಕೈಯಲ್ಲೇ ಹೊಲಿಯುತ್ತೇನೆ ಎಂದು ಸೂಜಿ ದಾರ ತೆಗೆದುಕೊಂಡು ಮಂದಿರಕ್ಕೆ ಹೊರಟಳು. ಹೊರಡುವಾಗ ಹೇಳಿದ್ದು ಒಂದೇ ಮಾತು: ಬಂದವರಿಗೆ ಎಲ್ಲಾ ತೋರಿಸಿ, ಮರೀಬೇಡಿ.

ಜೋಪಾನ ಈ ವಿಷಯವನ್ನು ಹಳಬನ ಹತ್ತಿರ ಪ್ರಸ್ತಾಪಿಸಿದ. ಹಳಬ ಎಂದರೆ ಗೋದಾಮಿನಲ್ಲಿ ಲಾರಿಗೆ ಸಾಮಾನು ತುಂಬಿಸುವವನು, ಊರ ಕಡೆಯವನೇ, ಇವನಿಗಿಂತ ಸ್ವಲ್ಪ ಮುಂಚೆ ಬಂದವನು. ಆ ಸ್ವಲ್ಪದ ಬಲದ ಮೇಲೆ ಆ ದೇಶದ ಕಾನೂನು, ಹವಾಮಾನ, ಜನರ ಅಂತರಂಗ ಎಲ್ಲವನ್ನೂ ಅರೆದು ಕುಡಿದಂತೆ ಮಾತಾಡುತ್ತಿದ್ದ. ಅವನು ವಿಮೆ ಮಾಡಿಸಿಯೇ ಇರಲಿಲ್ಲ, ಹಾಗಾಗಿ ಅಭಿಪ್ರಾಯಕ್ಕೆ ಕೊರತೆಯಿರಲಿಲ್ಲ. ಸರ್ವೇಯರ್ ಮೊದಲು ನೋಡುವುದು ಮನೆಯವರು ಎಂಥವರು ಅಂತ, ಮನೆ ಗಲೀಜಾಗಿದ್ದರೆ ಇವರೇ ಹಾಳು ಮಾಡಿಕೊಂಡಿದ್ದಾರೆ ಅಂತ ಬರೆದುಕೊಂಡು ಹೋಗುತ್ತಾರೆ ಎಂದು ಅವನು ಅಪ್ಪಣೆ ಕೊಡಿಸಿದ.

ಅತ್ತೆಗೆ ಅಷ್ಟು ಕಾರಣವೂ ಬೇಕಿರಲಿಲ್ಲ. "ಮೊದಲ ಸಲ ಒಬ್ಬರು ಮನೆಗೆ ಬರ್ತಿದಾರೆ. ಈ ಕೊಂಪೆಯಲ್ಲಿ ಕೂರಿಸ್ತೀರಾ?" ಎಂದು ಕೇಳಿ ಸೆರಗು ಸಿಕ್ಕಿಸಿದರು.

ಆಮೇಲೆ ನಡೆದದ್ದನ್ನು ಏನೆಂದು ಹೇಳುವುದು. ಗಾರೆಯ ಚೂರುಗಳೆಲ್ಲ ಚೀಲ ಸೇರಿ ಕಸದ ಗಾಡಿ ಹತ್ತಿದವು. ನೆಲವನ್ನು ಮುಖ ಕಾಣುವಂತೆ ಒರೆಸಲಾಯಿತು. ಗೋಡೆಯ ಮೇಲಿನ ನೀರಿನ ಕಲೆಯನ್ನು ಅತ್ತೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದರು. ಹೊಲಿಗೆ ಮಷಿನ್ನಿನ ವಾಲಿದ ಕತ್ತನ್ನು ನೆಟ್ಟಗೆ ಮಾಡಿ, ನೊರೆ ಒರೆಸಿ, ತಮ್ಮ ಕೈಯಾರೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಅದರ ಮೇಲೆ ಹೂದಾನಿ ಇಟ್ಟರು. ಉಳಿದದ್ದು ಚಾವಣಿಯ ತೂತು. ಅದು ಜೋಪಾನನ ಪಾಲಿಗೆ ಬಂತು. ಅವನು ತೂತನ್ನು ಕೆಳಗಿನಿಂದ ತಲೆ ಎತ್ತಿ ನೋಡಿದ, ಒಡೆದ ಪೆಟ್ಟಿಗೆಯನ್ನು ನೋಡುವ ಹಾಗೆ. ಇಷ್ಟು ಕಾಲ ಗಾಜು ಸುತ್ತಿದವನಿಗೆ ಒಂದು ಚಾವಣಿ ಯಾವ ಲೆಕ್ಕ?

ಗೋದಾಮಿನಿಂದ ಬೇಡವಾದ ರಟ್ಟು ತಂದ. ಎರಡು ಪದರ ಅಡ್ಡ, ಎರಡು ಪದರ ಉದ್ದ. ಅಂಚಿಗೆಲ್ಲ ಅಂಟುಪಟ್ಟಿ. ಮೇಲೆ ತೆಳುವಾದ ಕಾಗದ, ಅದರ ಮೇಲೆ ಬಿಳಿ ಬಣ್ಣ, ಒಣಗಿದ ಮೇಲೆ ಮತ್ತೊಮ್ಮೆ ಬಿಳಿ ಬಣ್ಣ. ಹಳಬ ಸ್ಟೂಲು ಹಿಡಿದುಕೊಂಡು ಸಲಹೆ ಕೊಡುತ್ತಿದ್ದ. ಮುಗಿದ ಮೇಲೆ ಮೂವರೂ ನೆಲದ ಮೇಲೆ ಅಂಗಾತ ಮಲಗಿ ನೋಡಿದರು. ಎಲ್ಲಿ ಗಾರೆ ಮುಗಿದು ಎಲ್ಲಿ ರಟ್ಟು ಶುರುವಾಗುತ್ತದೆ ಎಂದು ಮಾಡಿದವನಿಗೇ ಗೊತ್ತಾಗಲಿಲ್ಲ. ಹೆಂಡತಿ ರಾತ್ರಿ ಸೋತು ಬಂದು ಊಟ ಮಾಡಿ ಮಲಗುತ್ತಿದ್ದಳು, ಆ ಕೋಣೆಯ ಕಡೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಅವಳಿಗೆ ಆಮೇಲೆ ಒಮ್ಮೆಲೇ ತೋರಿಸಿ ಆಶ್ಚರ್ಯಪಡಿಸೋಣ ಎಂದು ಅತ್ತೆ ಅಳಿಯ ಗುಟ್ಟು ಕಾಪಾಡಿದರು.

ಗುರುವಾರ ಸರ್ವೇಯರ್ ಬಂದರು. ಉದ್ದನೆಯ ಮನುಷ್ಯ, ಬೂದು ಬಣ್ಣದ ಸೂಟು, ಕೊರಳಲ್ಲಿ ಕ್ಯಾಮೆರಾ, ನಗುವಿಗೆ ಸಮಯ ಗೊತ್ತುಮಾಡಿಕೊಂಡಿರುವ ಮುಖ. ಅತ್ತೆ ಕಾಫಿ ತಂದರು. ಸರ್ವೇಯರ್ ಬೇಡ ಎಂದರು. ಬೇಡ ಎಂದವರಿಗೆ ಕೊಡದೆ ಇರಲು ಅತ್ತೆಗೇನು ತಲೆ ಕೆಟ್ಟಿದೆಯೇ? ಕೈಗೇ ಕೊಟ್ಟರು. ಕುಡಿದರು. ಇನ್ನೊಂದು ಲೋಟ ಎಂದಾಗ ಅವರು ಸಾಕು ಎಂದು ಅಂಗೈ ಅಡ್ಡ ಹಿಡಿದರು. ಅತ್ತೆ ಆ ಬೆರಳುಗಳ ಸಂದಿಯಲ್ಲೇ ಲೋಟ ಸೇರಿಸಿದರು. ಅದೂ ಹೋಯಿತು. ನೋಡಿದಿರಾ, ಸಂಕೋಚದ ಮನುಷ್ಯ, ಬಾಯಿಬಿಟ್ಟು ಕೇಳುವುದಿಲ್ಲ ಎಂದು ಅತ್ತೆ ಅಳಿಯನ ಕಡೆ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು.

ಎಲ್ಲಾ ತೋರಿಸಿ ಎಂದು ಹೆಂಡತಿ ಹೇಳಿದ್ದಳಲ್ಲ, ಜೋಪಾನ ಎಲ್ಲಾ ತೋರಿಸಿದ. ಅಡುಗೆಮನೆ ತೋರಿಸಿದ, ಬಾಲ್ಕನಿ ತೋರಿಸಿದ, ಮದುವೆಯ ಫೋಟೊ ಆಲ್ಬಮ್ ತೋರಿಸಿದ, ಅದರಲ್ಲಿ ಎರಡನೇ ಸಾಲಿನಲ್ಲಿ ನಿಂತ ಭಾವಮೈದುನನನ್ನು ಬೆರಳಿಟ್ಟು ತೋರಿಸಿದ. ಕೊನೆಗೆ ಹಿಂದಿನ ಕೋಣೆಗೆ ಬಂದರು. ಸರ್ವೇಯರ್ ನೆಲ ನೋಡಿದರು, ಗೋಡೆ ನೋಡಿದರು, ಚಾವಣಿ ನೋಡಿದರು, ಹೂದಾನಿ ನೋಡಿದರು. ಕೈಯಲ್ಲಿದ್ದ ಕಾಗದ ನೋಡಿಕೊಂಡು, ಮನೆಯ ನಂಬರು ಇದೇ ತಾನೆ ಎಂದು ವಿಚಾರಿಸಿದರು. ಆಮೇಲೆ ಕೇಳಿಯೇ ಕೇಳಿದರು.

"ಏನಾದರೂ ಹಾನಿ ಆಗಿದೆಯಾ?"

ಇಲ್ಲಿ ಜೋಪಾನನ ಪರವಾಗಿ ಒಂದು ಮಾತು ಹೇಳಬೇಕು. ಅವನು ಮರ್ಯಾದಸ್ಥರ ಮನೆಯಲ್ಲಿ ಬೆಳೆದವನು. ಯಾರಾದರೂ ಊಟಕ್ಕೆ ಏಳಿ ಎಂದರೆ ಈಗ ತಾನೇ ಆಯ್ತು ಅನ್ನಬೇಕು, ಇನ್ನೊಮ್ಮೆ ಕರೆದರೆ ನಿಮಗ್ಯಾಕೆ ತೊಂದರೆ ಅನ್ನಬೇಕು, ಮೂರನೇ ಸಲ ಕೈ ಹಿಡಿದು ಎಳೆದಾಗ ಮಾತ್ರ ಎಲೆ ಮುಂದೆ ಕೂರಬೇಕು. ಮೊದಲನೇ ಕೂಗಿಗೇ ಓಡಿಹೋಗಿ ಕೂರುವವನನ್ನು ಊರಲ್ಲಿ ಏನಂತಾರೆ ಎಂದು ಅವನಿಗೆ ಗೊತ್ತು. ಅಂಥವನಿಗೆ, ಎರಡು ಲೋಟ ಕಾಫಿ ಕುಡಿದ ಅತಿಥಿ ಎದುರು ನಿಂತು, ನಿಮಗೇನಾದರೂ ಬೇಕಾ ಎಂದು ಕೇಳಿದರೆ, ಬೇಕು ಎಂದು ಒಮ್ಮೆಗೇ ನಾಲಿಗೆ ಹೊರಳುತ್ತದೆಯೇ?

"ಅಯ್ಯೋ, ಅಂಥದ್ದೇನೂ ಇಲ್ಲ ಬಿಡಿ," ಎಂದ ಜೋಪಾನ, ಮೃದುವಾಗಿ ನಕ್ಕು. ಎರಡನೇ ಸಲ ಕೇಳಲಿ ಎಂದು ಕಾದ.

ಸರ್ವೇಯರ್ ಪೆನ್ನು ಮುಚ್ಚಿದರು. ಚಾವಣಿಯ ಬಣ್ಣ ಚೆನ್ನಾಗಿದೆ ಎಂದರು. ಚೀಲ ಹೆಗಲಿಗೆ ಹಾಕಿಕೊಂಡರು. ಜೋಪಾನ ಬಾಗಿಲವರೆಗೆ ಹೋದ, ಇಲ್ಲಿ ಕೇಳಬಹುದು ಎಂದು ನಿಂತ. ಕೇಳಲಿಲ್ಲ. ಮೆಟ್ಟಿಲು ಇಳಿದ, ಪ್ರತಿ ತಿರುವಿನಲ್ಲೂ ನಿಧಾನ ಮಾಡಿದ. ಸರ್ವೇಯರ್ ಕೈ ಕುಲುಕಿದರು. ಬೀದಿಯಲ್ಲಿ ಕಾರಿನವರೆಗೂ ಹೋಗಿ, ಕಿಟಕಿಯ ಗಾಜಿನ ಪಕ್ಕ ಮುಖ ಇಟ್ಟು, ಕೇಳಿದರೆ ಹೇಳಲು ಸಿದ್ಧನಾಗಿ ನಿಂತ. ಸರ್ವೇಯರ್ ಕೈ ಬೀಸಿ ಹೊರಟುಹೋದರು. ಕಾರು ಮೂಲೆ ತಿರುಗುವವರೆಗೂ ಜೋಪಾನನ ಮುಖದಲ್ಲಿ ಆ ಮೃದುವಾದ ನಗೆ ಹಾಗೇ ಇತ್ತು, ತೆಗೆಯುವುದು ಮರೆತುಹೋಗಿತ್ತು.

ಸಂಜೆ ಹೆಂಡತಿ ಬಂದಳು. ಬೆರಳುಗಳಿಗೆಲ್ಲ ಪಟ್ಟಿ ಸುತ್ತಿತ್ತು, ಮಖಮಲ್ಲಿಗೆ ಸೂಜಿ ಇಳಿಯುತ್ತಿರಲಿಲ್ಲ. ಸರ್ವೇಯರ್ ಏನಂದರು ಎಂದು ಕೇಳಿದಳು. ತುಂಬಾ ಒಳ್ಳೆ ಮನುಷ್ಯ ಎಂದರು ಅತ್ತೆ. ಮಷಿನ್ ನೋಡಿದರಾ ಎಂದು ಕೇಳಿದಳು. ಜೋಪಾನ ಸುತ್ತಿ ಬಳಸಿ, ಅವರು ಇನ್ನೊಂದು ಸಲ ಕೇಳಲಿಲ್ಲ ಎಂದ. ಅಷ್ಟು ಹೊತ್ತಿಗೆ ಫೋನ್ ಬಂತು. ಹಾನಿಯೇನೂ ಕಂಡುಬರದ ಕಾರಣ ನಿಮ್ಮ ಅಹವಾಲನ್ನು ಮುಕ್ತಾಯ ಮಾಡಲಾಗಿದೆ, ಮನೆಯನ್ನು ಇಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡದ್ದಕ್ಕೆ ಅಭಿನಂದನೆ ಎಂದು ಯಾರೋ ಓದಿದರು.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹಿಂದಿನ ಕೋಣೆಗೆ ಹೋಗಿ, ಹೂದಾನಿ ಪಕ್ಕಕ್ಕಿಟ್ಟು, ಕಸೂತಿ ಬಟ್ಟೆ ತೆಗೆದು, ಮಷಿನ್ನಿನ ಚಕ್ರ ತಿರುಗಿಸಿದಳು. ಒಳಗೆ ಏನೋ ಕರಕರ ಅಂದು ನಿಂತಿತು. ಅವಳು ಅಲ್ಲೇ ನೆಲದ ಮೇಲೆ ಕುಳಿತಳು.

"ಇಲ್ಲಿಗೆ ಬಂದಾಗಿಂದ ನಾನು ನಿಮ್ಮ ಹೆಂಡತಿ, ಅಮ್ಮನ ಮಗಳು, ಅಷ್ಟೇ. ಆ ಮಂದಿರದಲ್ಲಿ ನನ್ನನ್ನ ಪರದೆ ಹೊಲಿಯೋರು ಅಂತ ಕರೀತಿದ್ರು. ಇನ್ನು ಅದೂ ಇಲ್ಲ," ಎಂದಳು.

ಅಷ್ಟೊಂದು ಗಾಜು ಕಾಪಾಡಿದವನು ಮನೆಯದ್ದೇ ಒಂದನ್ನು ಒಡೆದೆನಲ್ಲ ಎಂದು ಜೋಪಾನನಿಗೆ ತನ್ನ ಮೇಲೇ ಸಿಟ್ಟು ಬಂತು. ಅತ್ತೆಯೂ ಮೊದಲ ಸಲ ಪೊರಕೆಯನ್ನು ಮೂಲೆಗಿಟ್ಟರು.

ಮರುದಿನ ಹಳಬ ಬಕೆಟ್ಟಿನೊಂದಿಗೆ ಬಂದ. ಅವನ ಪ್ರಕಾರ ಇದು ಬಹಳ ಸರಳ. ಚಾವಣಿಗೆ ಒಂದು ಕೋಲಿನಿಂದ ತಿವಿಯುವುದು, ನಾಲ್ಕು ಬಕೆಟ್ ನೀರು ಸುರಿಯುವುದು, ಮತ್ತೆ ಈಗ ತಾನೇ ಆಯ್ತು ಎಂದು ಬಾಯಿ ಬಡಿದುಕೊಳ್ಳುವುದು. ಬೇಕಾದರೆ ಬಾಯಿ ಬಡಿದುಕೊಳ್ಳಲು ತಾನೂ ಬರುತ್ತೇನೆ ಎಂದ. ಜೋಪಾನ ಸ್ಟೂಲು ಹತ್ತಿದ. ಕೋಲು ಎತ್ತಿದ. ಕೆಳಗೆ ಹಳಬ ಹೂಂ ಹೂಂ ಎಂದ. ಎಷ್ಟು ಹೊತ್ತಾದರೂ ಕೋಲು ಮೇಲಕ್ಕೆ ಹೋಗಲಿಲ್ಲ.

"ಒಡೆಯೋದು ನನಗೆ ಬರಲ್ಲಪ್ಪ. ಸುಳ್ಳು ಹೇಳೋದು ಅದಕ್ಕಿಂತ ಬರಲ್ಲ," ಎಂದು ಇಳಿದುಬಿಟ್ಟ. ನೇರವಾಗಿ ವಿಮೆ ಕಚೇರಿಗೆ ಹೋದ, ಈ ಸಲ ಇಸ್ತ್ರಿ ಮಾಡದ ಅಂಗಿಯಲ್ಲೇ.

ಮೇಡಂ ಎದುರು ಕೂತು ಎಲ್ಲವನ್ನೂ ಒಪ್ಪಿಸಿದ. ಗಾರೆ ಬಿದ್ದದ್ದು, ಅತ್ತೆ ಉಜ್ಜಿದ್ದು, ತಾನು ಚಾವಣಿಯನ್ನು ಪ್ಯಾಕ್ ಮಾಡಿದ್ದು. ಹಾನಿ ನೋಡಲು ಬರುವವರಿಗೋಸ್ಕರ ಹಾನಿಯನ್ನೇ ತೊಳೆದುಬಿಟ್ಟಿರಾ ಎಂದು ಮೇಡಂ ನಂಬಲಾರದೆ ಕೇಳಿದರು. ಬರುವವರು ನೀವು ತಾನೆ, ಹಾಗೇ ಕೂರಿಸೋಕಾಗುತ್ತಾ ಎಂದ ಜೋಪಾನ. ಹಾಗಾದರೆ ಹಾನಿ ಇಲ್ಲ ಅಂತ ಯಾಕೆ ಹೇಳಿದಿರಿ ಎಂದು ಕೇಳಿದರು. ಅವನು ತಲೆ ತಗ್ಗಿಸಿ, ಅವರು ಒಂದೇ ಸಲ ಕೇಳಿದರು ಎಂದ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಷ್ಟು ಸಲ ಕೇಳಬೇಕಿತ್ತು?"

"ಕಡಿಮೆ ಅಂದ್ರೆ ಮೂರು ಸಲ."

"ಎರಡನೇ ಸಲಕ್ಕೆ ಏನು ಹೇಳ್ತಿದ್ರಿ?"

"ನಿಮಗ್ಯಾಕೆ ತೊಂದರೆ ಅಂತಿದ್ದೆ."

ಮೇಡಂ ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ಕೂತರು, ಅವರ ಭುಜ ಕುಲುಕುತ್ತಿತ್ತು. ಆಮೇಲೆ ಗಂಭೀರವಾಗಿ ತಿರುಗಿ, ಮುಚ್ಚಿದ ಅಹವಾಲನ್ನು ತೆರೆಯಬೇಕಾದರೆ ಸರ್ವೇಯರ್ ಒಪ್ಪಬೇಕು, ಅವರು ಸುಲಭಕ್ಕೆ ಒಪ್ಪುವವರಲ್ಲ, ತಾನೂ ಜೊತೆಗೆ ಬರುತ್ತೇನೆ, ಅಲ್ಲಿಯವರೆಗೆ ಆ ಕೋಣೆಯಲ್ಲಿ ಒಂದು ಧೂಳಿನ ಕಣವನ್ನೂ ಮುಟ್ಟಕೂಡದು ಎಂದು ಎಚ್ಚರಿಸಿದರು.

ಆ ಕೊನೆಯ ಮಾತು ಅತ್ತೆಯ ಪಾಲಿಗೆ ಸೆರೆಮನೆಯಾಯಿತು. ಕಣ್ಣೆದುರೇ ಧೂಳು ಕೂರುತ್ತಿದೆ, ಮೂಲೆಯಲ್ಲಿ ಜೇಡ ಮನೆ ಕಟ್ಟುತ್ತಿದೆ, ಇವರು ಕೈಕಟ್ಟಿ ಕೂತಿರಬೇಕು. ಒಮ್ಮೆ ಪೊರಕೆ ಹಿಡಿದು ಬಾಗಿಲವರೆಗೆ ಹೋದವರನ್ನು ಮಗಳೇ ಹಿಡಿದು ತಂದಳು. ಚಾವಣಿ ಸ್ವಲ್ಪ ಕೆಳಗೆ ಬಂದ ಹಾಗಿಲ್ಲವೇ ಎಂದು ಅತ್ತೆ ಆಗಾಗ ಕೇಳುತ್ತಿದ್ದರು. ಧೂಳು ನೋಡಿ ನೋಡಿ ಅತ್ತೆಯ ಕಣ್ಣು ಕೆಟ್ಟಿದೆ ಎಂದು ಉಳಿದವರು ಸಮಾಧಾನ ಹೇಳಿದರು. ಮಂದಿರದ ಯಜಮಾನಿ ಮಾತ್ರ ಸುಮ್ಮನಿರಲಿಲ್ಲ, ವಾರದ ಕೊನೆಗೆ ಮಷಿನ್ ಸದ್ದು ಕೇಳದಿದ್ದರೆ ದೊಡ್ಡ ಅಂಗಡಿಗೆ ಹೇಳಿಬಿಡುತ್ತೇನೆ ಎಂದು ಹೇಳಿ ಕಳಿಸಿದಳು.

ಸರ್ವೇಯರ್ ಬಂದರು, ಮೇಡಂ ಬಂದರು. ಸರ್ವೇಯರ್ ಮುಖದಲ್ಲಿ ಈ ಸಲ ನಗುವಿಗೆ ಸಮಯವೇ ಇರಲಿಲ್ಲ. ಮೊದಲು ಇಲ್ಲ ಅಂದವರು ಈಗ ಇದೆ ಅಂತಾರೆ, ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ ಎಂದು ಮೇಡಂ ಕಿವಿಯಲ್ಲಿ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು. ಮಷಿನ್ನು ಎಂದೋ ಕೆಟ್ಟದ್ದಿರಬಹುದು ಎಂದರು. ಹೆಂಡತಿ ತುಟಿ ಕಚ್ಚಿ ನಿಂತಿದ್ದಳು. ಹಿಂದಿನ ಕೋಣೆಯ ನಡುಮಧ್ಯೆ ನಿಂತು ಸರ್ವೇಯರ್ ತಲೆ ಎತ್ತಿದರು. ಇದು ರಟ್ಟಂತೆ! ಇಷ್ಟು ವರ್ಷದ ಸೇವೆಯಲ್ಲಿ ಇದಕ್ಕಿಂತ ಗಟ್ಟಿಯಾದ, ನುಣುಪಾದ ಚಾವಣಿಯನ್ನು ನಾನು ನೋಡಿಲ್ಲ ಎಂದು ಹೇಳಿ, ಅದನ್ನು ಸಾಬೀತು ಮಾಡಲು ಪೆನ್ನು ಮೇಲೆತ್ತಿದರು.

ಜೋಪಾನ ಕಂಡ. ಅತ್ತೆಯ ಕಣ್ಣು ಕೆಟ್ಟಿರಲಿಲ್ಲ. ರಟ್ಟು ತುಂಬಿದ ಚೀಲದ ತಳದ ಹಾಗೆ ಇಳಿಬಿದ್ದಿತ್ತು. ಡಾಕ್ಟರರ ಕೊಳವೆ ಇಷ್ಟು ದಿನವೂ ತೊಟ್ಟು ತೊಟ್ಟು ಸೋರುತ್ತಲೇ ಇತ್ತು, ಅವನ ಪ್ಯಾಕಿಂಗು ಒಂದು ಹನಿಯನ್ನೂ ಕೆಳಗೆ ಬಿಡದೆ ಹಿಡಿದುಕೊಂಡಿತ್ತು. ಅವನ ಬಾಯಿಂದ ಹೊರಟದ್ದು ಹುಟ್ಟಿನಿಂದ ಬಂದ ಮಾತು.

"ಜೋಪಾನ, ಜೋಪಾನ!"

ಸರ್ವೇಯರ್ ಪೆನ್ನಿನಿಂದ ಚಾವಣಿಯನ್ನು ಒಂದು ಸಲ ತಟ್ಟಿದರು.

ಬಿದ್ದದ್ದರ ವಿವರ ಹೀಗಿದೆ: ಮೊದಲು ನೀರು, ನೀರಿನ ಹಿಂದೆ ರಟ್ಟು, ರಟ್ಟಿನ ಹಿಂದೆ ಹೊಸದಾಗಿ ನೆಂದ ಇನ್ನಷ್ಟು ಗಾರೆ. ಗಾರೆ ಮಾತ್ರ ದೇವರು ದೊಡ್ಡವನು ಎಂಬಂತೆ ಸರ್ವೇಯರ್ ಪಕ್ಕದಲ್ಲಿ ಬಿತ್ತು. ಅವರ ತಲೆಯ ಮೇಲೆ ಒದ್ದೆ ರಟ್ಟು ಟೋಪಿಯಂತೆ ಕೂತಿತ್ತು. ಒಡೆಯುವ ಸಾಮಾನು ಎಂದು ಅದರ ಮೇಲೆ ಅಚ್ಚಾಗಿದ್ದ ಗಾಜಿನ ಲೋಟದ ಗುರುತು ನೆಟ್ಟಗೆ ಅವರ ಹಣೆಗೆ ಬಂದಿತ್ತು. ಸರ್ವೇಯರ್ ಪಕ್ಕದಲ್ಲಿದ್ದ ಗಾರೆಯ ಗುಡ್ಡೆಯನ್ನು ನೋಡಿದರು, ಮೇಲಿನ ತೂತನ್ನು ನೋಡಿದರು.

"ಇದೇನಾದರೂ ನನ್ನ ಮೇಲೆ ಬಿದ್ದಿದ್ದರೆ ನಾನು ಇಲ್ಲೇ ಸತ್ತು..."

"ಬಿಡ್ತು ಅನ್ನಿ," ಎಂದರು ಮೇಡಂ.

ಸರ್ವೇಯರ್ ಕಣ್ಣು ಬಿಟ್ಟರು. ಏನದು, ಯಾಕೆ ಎಂದು ಕೇಳಿದರು. ಮೊದಲು ಅನ್ನಿ, ಆಮೇಲೆ ಹೇಳುತ್ತೇನೆ ಎಂದರು ಮೇಡಂ. ಸರ್ವೇಯರ್ ಸೋಪಿನ ನೀರು ಉಗುಳಿ, ತೊದಲಿಕೊಂಡು, ಬಿಡ್ತು ಅಂದರು. ಅವರೇನಂದಿದ್ದರೆಂದು ಅತ್ತೆಗೆ ತಿಳಿಯದಿದ್ದರೂ ಉತ್ತರ ಸರಿಯಾಗಿದೆಯೆಂದು ತಿಳಿಯಿತು, ಹತ್ತಿರ ಹೋಗಿ ಸೆರಗಿನಿಂದ ಅವರ ತಲೆ ಒರೆಸಿದರು. ಅವರು ಬೇಡ ಎಂದರು. ಅತ್ತೆ ಇನ್ನೂ ಚೆನ್ನಾಗಿ ಒರೆಸಿದರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಸರ್ವೇಯರ್ ನೆಂದ ಕಾಗದ ತೆಗೆದು, ಕರ್ತವ್ಯ ಬಿಡಬಾರದೆಂದು, ಏನಾದರೂ ಹಾನಿ ಆಗಿದೆಯಾ ಎಂದು ಕೇಳಿದರು. ಜೋಪಾನನ ಮುಖದ ಮೇಲೆ ಆ ಮೃದುವಾದ ನಗೆ ಬಂತು.

"ಅಯ್ಯೋ, ಅಂಥದ್ದೇನೂ..."

ಹೆಂಡತಿ ಅವನ ತೋಳಿಗೆ ಚಿವುಟಿದ ರೀತಿಗೆ ಅವನು ಒಂದು ಹೆಜ್ಜೆ ಮುಂದೆ ಬಂದ. ಮೇಡಂ ಸರ್ವೇಯರ್ ಕಡೆ ತಿರುಗಿ, ಇವರ ಮನೆಯಲ್ಲಿ ಮೂರು ಸಲ ಕೇಳಬೇಕು, ಕೇಳಿ ಎಂದರು. ಸರ್ವೇಯರ್ ಕೇಳಿದರು. ನಿಮಗ್ಯಾಕೆ ತೊಂದರೆ ಎಂದ ಜೋಪಾನ, ನೋವು ತಡೆದುಕೊಂಡು. ಸರ್ವೇಯರ್ ಮತ್ತೊಮ್ಮೆ ಕೇಳಿದರು, ಈ ಸಲ ದನಿಯಲ್ಲಿ ಅಂಗಲಾಚಿಕೆ ಇತ್ತು.

"ಇದೆ ಸಾರ್," ಎಂದ ಜೋಪಾನ. "ನಮ್ಮನೆಯವಳ ಮಷಿನ್ ಹೋಯ್ತು. ಅವಳ ಕೆಲಸ ಹೋಗ್ತಾ ಇದೆ. ನಮಗೆ ಅದೊಂದು ಬೇಕು."

ಅವನು ಬೇಕು ಎಂದು ಮೂರನೆಯವರ ಎದುರು ಬಾಯಿಬಿಟ್ಟು ಹೇಳಿದ್ದನ್ನು ಹೆಂಡತಿ ಮದುವೆಯಾದಾಗಿಂದ ಅದೇ ಮೊದಲು ಕೇಳಿದ್ದು. ಅವಳು ಚಿವುಟಿದ ಜಾಗವನ್ನೇ ಮೆಲ್ಲಗೆ ಸವರಿದಳು. ಸರ್ವೇಯರ್ ಮಷಿನ್ನಿನ ಮುಚ್ಚಳ ಬಿಚ್ಚಿಸಿ ನೋಡಿದರು. ಮೋಟರಿನ ಒಳಗೆ ಗಟ್ಟಿಯಾಗಿ ಕೂತಿದ್ದ ಸೋಪಿನ ನೊರೆ ಅವರ ಸೂಟಿನ ಮೇಲಿನದರಂತೆಯೇ ಇತ್ತು, ಅದೇ ವಾಸನೆ. ಅವರು ಫೋಟೊ ತೆಗೆದುಕೊಂಡರು, ತೂತಿನದು, ಗಾರೆಯದು, ಮಷಿನ್ನಿನದು. ಇಂಥ ಚಾವಣಿ ಕಟ್ಟುವವನು ಸುಳ್ಳು ಹೇಳಬೇಕಾದ ಅಗತ್ಯವಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಇನ್ನಾದರೂ ಗುಡಿಸಬಹುದಾ ಎಂದು ಅತ್ತೆ ಮೇಡಂಗೆ ಕೈಸನ್ನೆಯಲ್ಲೇ ಕೇಳಿದರು. ಗುಡಿಸಿ ಎಂದದ್ದೇ ತಡ, ಸರ್ವೇಯರ್ ಬೂಟಿನ ಅಡಿಯಿಂದಲೂ ಗಾರೆ ಎಳೆದು ಗುಡಿಸಿದರು.

ಹೊಸ ಮಷಿನ್ ವಾರದ ಕೊನೆಗೆ ಬಂತು. ಕೆಳಗೆ ಬೀದಿಯಲ್ಲಿ ಬಂದು ನಿಂತ ಮಂದಿರದ ಯಜಮಾನಿಗೆ ಕಿಟಕಿಯಿಂದಲೇ ಅದರ ಸದ್ದು ಕೇಳಿಸಿದರು. ಹೆಂಡತಿ ಹೊಲಿದಳು, ಅತ್ತೆ ದಾರ ಕತ್ತರಿಸಿದರು, ಜೋಪಾನ ಗೋದಾಮಿನಿಂದ ಬಂದವನೇ ಭಾರದ ಮಖಮಲ್ಲನ್ನು ಸುತ್ತಿ ಹೆಗಲ ಮೇಲೆ ಹೊತ್ತು ಎರಡು ಬೀದಿ ದಾಟಿಸಿದ. ಹಳಬ ಮುಂದೆ ನಡೆದು ದಾರಿ ಬಿಡಿಸುತ್ತಿದ್ದ. ಅವನು ಮೊನ್ನೆ ವಿಮೆ ಮಾಡಿಸಿದನಂತೆ, ಈಗ ಅದರ ವಿಷಯ ಅಷ್ಟಾಗಿ ಮಾತಾಡುವುದಿಲ್ಲ.

ನಾಟಕದ ದಿನ ಮಂದಿರ ತುಂಬಿತ್ತು. ಶುರುವಾಗುವ ಮೊದಲು ಯಜಮಾನಿ ಪರದೆಯ ಮುಂದೆ ನಿಂತು ಎಲ್ಲರಿಗೂ ಸ್ವಾಗತ ಹೇಳಿ, ಇದನ್ನು ಹೊಲಿದವರು ಇಲ್ಲೇ ಇದ್ದಾರೆ, ಎದ್ದು ನಿಲ್ಲಬೇಕು ಎಂದಳು. ಹೆಂಡತಿ ಎದ್ದಳು. ಅಷ್ಟು ಜನ ಚಪ್ಪಾಳೆ ತಟ್ಟಿದರು. ಪರದೆ ಹೊಲಿಯೋರು ಎಂದು ಮುಂದಿನ ಸಾಲಿನಲ್ಲಿ ಯಾರೋ ಮಗುವಿಗೆ ತೋರಿಸಿ ಹೇಳುತ್ತಿದ್ದರು. ಅತ್ತೆ ಕಣ್ಣು ಒರೆಸಿಕೊಂಡು, ಬೆಳಕು ಜಾಸ್ತಿ ಇದೆ ಎಂದು ಗೊಣಗಿದರು. ಜೋಪಾನನಿಗೆ ಸಂತೋಷದಿಂದ ಕೂತಲ್ಲಿ ಕೂರಲಾಗಲಿಲ್ಲ. ಆದರೆ ಅವನ ಕಣ್ಣು ಅಭ್ಯಾಸದಂತೆ ಪರದೆಯ ತುದಿಗೆ, ಅದು ನೇತುಬಿದ್ದಿದ್ದ ಕೊಕ್ಕೆಗಳಿಗೆ ಹೋಯಿತು.

"ಅಲ್ವೇ, ಅಷ್ಟು ಭಾರ. ಎಳೆಯೋವಾಗ ಏನಾದ್ರೂ ಕಳಚಿ ಬಿದ್ರೆ..."

ಹೆಂಡತಿ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದಲ್ಲ, ಎರಡು ದನಿ ಒಟ್ಟಿಗೆ ಕೇಳಿಬಂದವು. ಒಂದು ಮೇಡಂ ಅವರದು. ಇನ್ನೊಂದು ಅವರ ಪಕ್ಕದಲ್ಲಿ ಹೊಸ ಸೂಟು ಹಾಕಿಕೊಂಡು ಕೂತಿದ್ದ ಉದ್ದನೆಯ ಮನುಷ್ಯನದು, ಚಾವಣಿಯ ಕಡೆಗೊಮ್ಮೆ ಕಣ್ಣು ಹಾಯಿಸಿಕೊಂಡೇ ಅಂದದ್ದು.

"ಬಿಡ್ತು ಅನ್ನಿ!"

ಜೋಪಾನ ಕೆನ್ನೆ ಮುಟ್ಟಿಕೊಂಡು ಬಿಡ್ತು ಅಂದ. ದೀಪ ಆರಿತು. ಹೆಂಡತಿ ಅವನ ಕೈ ಹಿಡಿದುಕೊಂಡಳು. ಪರದೆ ಎಲ್ಲೂ ತಡೆಯದೆ, ಎಲ್ಲೂ ಜಗ್ಗದೆ, ಎರಡೂ ಕಡೆಗೆ ನಿಧಾನವಾಗಿ ಸರಿಯಿತು.